ಕೈ ಬಡಿದು ಕೊಂಡ ಮೆಮೊರಿ

ಬೆಳಗಿನ ಕಾಫಿಗೆ ಮುಂಚೆ ಡೆರ್ಕ್ ವೋಲ್ಟೆರಿಂಕ್ ಮರದ ಪಾದರಕ್ಷೆ ಮೆಟ್ಟಿಕೊಂಡು ಅಂಗಳ ದಾಟಿ ಬೇಲಿಯವರೆಗೆ ಹೋಗುತ್ತಾರೆ. ಹೊಲದಾಚೆ ವೆಸ್ಸೆಲ್ ಅವರ ಅಡುಗೆಮನೆಯ ಕಿಟಕಿ ಕಾಣುತ್ತದೆ. ಅದರ ಕಡೆ ಒಂದು ಕೈ ಎತ್ತುತ್ತಾರೆ. ಅಲ್ಲಿ ದೀಪ ಒಮ್ಮೆ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಡೆರ್ಕ್ ತಿರುಗಿ ಬಂದು ಕಾಫಿಗೆ ಕೂರುತ್ತಾರೆ. ಜ್ವರ ಬಂದಾಗಲೂ, ಮಂಜು ಕವಿದು ಬೇಲಿಯೇ ಕಾಣದ ದಿನವೂ ಇದನ್ನು ಬಿಟ್ಟಿದ್ದನ್ನು ನಾನು ನೋಡಿಲ್ಲ. ರಸ್ತೆಯ ಈಚೆ ನಮ್ಮ ಮನೆ. ಪಾತ್ರೆ ತೊಳೆಯುವಲ್ಲಿ ನಿಂತರೆ ಎಲ್ಲ ಕಾಣುತ್ತದೆ.

ನಮ್ಮ ಕಡೆ ಮೊದಲ ನೆರೆಯವನು ಎಂದರೆ ಬರೀ ಪಕ್ಕದ ಮನೆಯವನಲ್ಲ. ಮಗು ಹುಟ್ಟಲಿ, ಯಾರಾದರೂ ಕಣ್ಣು ಮುಚ್ಚಲಿ, ಕೊಟ್ಟಿಗೆಗೆ ಬೆಂಕಿ ಬೀಳಲಿ, ಕರೆಯದೆ ಬರಬೇಕಾದವನು ಅವನು. ಡೆರ್ಕ್ ಮನೆಗೆ ವೆಸ್ಸೆಲ್, ವೆಸ್ಸೆಲ್ ಮನೆಗೆ ಡೆರ್ಕ್. ಅಪ್ಪಂದಿರ ಕಾಲದಲ್ಲೂ ಹಾಗೇ ಇತ್ತು.

ಈ ವರ್ಷ ಮೇ ತಿಂಗಳಿಗೆ ವೆಸ್ಸೆಲ್ ಮತ್ತು ಎವರ್ಡೀನ್ ಮದುವೆಯಾಗಿ ಐವತ್ತು ವರ್ಷ. ಅಂಥ ಹಬ್ಬ ಬಂದರೆ ನೆರೆಯವರೆಲ್ಲ ಸೇರಿ ದಂಪತಿಗಳ ಬಾಗಿಲಿಗೆ ಹಸಿರು ಕಮಾನು ಕಟ್ಟುತ್ತೇವೆ, ಕಾಗದದ ಗುಲಾಬಿ ಮಾಡುತ್ತೇವೆ. ಊರಿನ ಕಾಫಿಮನೆಯ ಹಿಂದಿನ ಹಾಲ್‌ನಲ್ಲಿ ಸಂಜೆ ಊಟ, ಹಾಡು. ಅದರ ನಡುವೆ ದಂಪತಿಗಳ ಹಳೆಯ ಫೋಟೋಗಳನ್ನು ಸೇರಿಸಿದ ಒಂದು ಚಿತ್ರ. ಆ ಚಿತ್ರ ಮಾಡುವ ಕೆಲಸ ಬಹಳ ವರ್ಷಗಳಿಂದ ಡೆರ್ಕ್ ಅವರದು. ಅವರು ಡೂಟಿಂಕೆಮ್ ಸಂತೆಯಲ್ಲಿ ದನದ ವ್ಯಾಪಾರ ಮಾಡುತ್ತಿದ್ದವರು. ಸಂತೆ ನಿಂತ ಮೇಲೆ ಕೈಗೆ ಕೆಲಸವಿಲ್ಲದೆ, ಯಾವುದೋ ಕಚೇರಿಯವರು ಬೇಡವೆಂದು ಬಿಟ್ಟ ಡೆಸ್ಕ್‌ಟಾಪ್ ತಂದು ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡರು. ಯಾರೂ ಕಲಿಸಲಿಲ್ಲ. ಕೆಡಿಸಿ ಕೆಡಿಸಿ ಕಲಿತರು.

ಈ ಸಲದ ಚಿತ್ರದಲ್ಲಿ ಒಂದು ವಿಶೇಷವಿತ್ತು. ಎವರ್ಡೀನ್ ಅವರ ಚಿಕ್ಕಪ್ಪನ ಮನೆಯ ಅಟ್ಟದಲ್ಲಿ ಬಿಸ್ಕತ್ತಿನ ಡಬ್ಬಿಯೊಳಗೆ ಮದುವೆಯ ದಿನ ತೆಗೆದ ಫಿಲ್ಮಿನ ಒಂದು ಸಣ್ಣ ಸುರುಳಿ ಸಿಕ್ಕಿತ್ತು. ಅದರಲ್ಲಿ ಏನಿದೆ ಎಂದು ಮದುಮಕ್ಕಳೇ ನೋಡಿರಲಿಲ್ಲ. ಚಿಕ್ಕಪ್ಪನ ಮಗಳು ಅದನ್ನು ಗುಟ್ಟಾಗಿ ಡೆರ್ಕ್ ಕೈಗೆ ಕೊಟ್ಟಳು. ಅವಸರಕ್ಕೂ ಒಂದು ಕಾರಣವಿತ್ತು. ಎವರ್ಡೀನ್ ಅವರ ಕಣ್ಣು ನಡುವಿನಿಂದ ಮಸುಕಾಗುತ್ತ ಬರುತ್ತಿದೆ. ದೊಡ್ಡ ಪರದೆಯ ಹತ್ತಿರ, ಸ್ವಲ್ಪ ಓರೆಯಾಗಿ ಕೂತರೆ ಈಗಲೂ ಕಾಣುತ್ತದೆ. ಮುಂದಿನ ವರ್ಷದ ಮಾತನ್ನು ಡಾಕ್ಟರು ಆಡಲಿಲ್ಲ.

ಹಾಗಾಗಿ ಚಿತ್ರ ಮೇ ತಿಂಗಳಿಗೆ ಆಗಲೇಬೇಕಿತ್ತು. ಆಗುತ್ತಿರಲಿಲ್ಲ. ಸುರುಳಿಯನ್ನು ಅಂಗಡಿಯವರು ಕಂಪ್ಯೂಟರಿಗೆ ಹಾಕುವ ಹಾಗೆ ಮಾಡಿಕೊಟ್ಟಿದ್ದರು, ಆದರೆ ಅದನ್ನು ಫೋಟೋಗಳ ಜೊತೆ ಸೇರಿಸಲು ಹೋದರೆ ಯಂತ್ರ ನಿಂತುಬಿಡುತ್ತಿತ್ತು. ವಧುವಿನ ಕಾರಿನ ಬಾಗಿಲು ಅರ್ಧ ತೆರೆದಿರುತ್ತದೆ, ಅಷ್ಟೇ. ಒಂದು ಸಣ್ಣ ಚಕ್ರ ತಿರುಗುತ್ತಲೇ ಇರುತ್ತದೆ. ಒಮ್ಮೆ ನಾನು ಮೊಟ್ಟೆ ಕೊಡಲು ಹೋದಾಗ ಅವರು ಆ ಬಾಗಿಲನ್ನೇ ನೋಡುತ್ತ ಕೂತಿದ್ದರು.

"ಇಳಿಯಲೊಲ್ಲಳು ನೋಡು, ಹರ್ಮೀನ್," ಎಂದರು ನನಗೆ. "ಆಗಲೂ ಇವಳು ಚರ್ಚಿಗೆ ತಡವಾಗಿಯೇ ಬಂದಿದ್ದಳು."

ಹಬ್ಬಕ್ಕೆ ಇನ್ನೂ ತಿಂಗಳುಗಳಿದ್ದಾಗಲೇ ನೆರೆಯ ಲಾಮರ್ಟ್ ಅವರ ಗ್ಯಾರೇಜಿನಲ್ಲಿ ಗುಲಾಬಿ ಮಾಡಲು ಸೇರಿದೆವು. ಬಿಳಿ ಮತ್ತು ಹಳದಿ ಕಾಗದ ಕತ್ತರಿಸಿ, ಬೆರಳಿಗೆ ಸುತ್ತಿ, ತಂತಿ ಬಿಗಿದು, ಕರಗಿದ ಮೇಣದಲ್ಲಿ ಅದ್ದಿ ತೆಗೆಯಬೇಕು. ಇಲ್ಲವಾದರೆ ಮಳೆಗೆ ಬಣ್ಣ ಬಿಡುತ್ತದೆ. ಕೈಗೆ ಕೆಲಸ, ಬಾಯಿಗೆ ಬಿಡುವು. ಮೊದಲು ಕಾಫಿ, ಆಮೇಲೆ ಗಂಡಸರಿಗೆ ಸಣ್ಣ ಲೋಟದಲ್ಲಿ ಜಿನ್, ನನಗೆ ಸೇಬಿನ ರಸ. ಅಲ್ಲಿ ಡೆರ್ಕ್ ತಮ್ಮ ಕಷ್ಟ ಹೇಳಿಕೊಂಡರು. ಹೇಳಿಕೊಳ್ಳದೇ ಇದ್ದರೆ ಒಳ್ಳೆಯದಿತ್ತೇನೋ.

"ಮೆಮೊರಿ ಸಾಲದು," ಎಂದರು ಲಾಮರ್ಟ್ ತಕ್ಷಣ. "ಎಷ್ಟಿದೆ ನಿನ್ನದರಲ್ಲಿ?"

"ಎಂಟು ಜಿಬಿ."

"ಎಂಟು ಇಟ್ಕೊಂಡು ಸಿನಿಮಾ ಮಾಡ್ತೀಯಾ? ಹದಿನಾರು ಹಾಕು."

"ನಮ್ಮ ಭಾವ ಮೂವತ್ತೆರಡು ಹಾಕಿಸಿದ," ಎಂದರು ಅವರ ಹೆಂಡತಿ ಡಿನೆಕೆ. "ಹದಿನಾರು ಅಂದ್ರೆ ಈಗ ಏನೂ ಅಲ್ಲ ಅಂತೆ."

"ನಿನ್ನ ಭಾವ ಕಾರಿಗೂ ಟ್ರ್ಯಾಕ್ಟರಿನ ಚಕ್ರ ಹಾಕೋ ಜಾತಿ."

"ಮೆಮೊರಿಯ ಪಟ್ಟಿ ಒಂದೇ ಹಾಕಬಾರದಂತೆ," ಎಂದರು ಡಿನೆಕೆ. " ಎರಡು, ಒಂದೇ ಥರದ್ದು. ಜೋಡಿ ಕುದುರೆ ಇದ್ದ ಹಾಗೆ."

"ಹಳೇದರ ಪಕ್ಕ ಹೊಸದು ಹಾಕಿದ್ರೆ?" ಎಂದು ಡೆರ್ಕ್ ಕೇಳಿದರು.

"ಹೊಸದೂ ಹಳೇದರ ನಡಿಗೆಗೇ ನಡೆಯುತ್ತೆ."

"ಹಾಗಾದ್ರೆ ನಮ್ಮ ಮದುವೆ ಥರ," ಎಂದರು ಡೆರ್ಕ್ ಅವರ ಹೆಂಡತಿ ಬೆರ್ತಾ, ಕಾಗದದಿಂದ ತಲೆ ಎತ್ತದೆ. "ಅಲ್ಲ ಡೆರ್ಕ್, ಆ ಡಬ್ಬಿ ಬಿಚ್ಚಿ ಮೊದಲು ಧೂಳು ಹೊಡಿ. ಒಳಗೆ ಕೋಳಿ ಮೊಟ್ಟೆ ಇಟ್ಟಿರಬೇಕು."

ಇನ್ನೊಬ್ಬರು ಮೆಮೊರಿ ಬೇಡ, ಹಾರ್ಡ್‌ಡಿಸ್ಕ್ ದೊಡ್ಡದು ಮಾಡಿಸು ಎಂದರು. ಅದೂ ಇದೂ ಒಂದೇ ಅಲ್ಲವೇ ಎಂದು ನಾನು ಕೇಳಿದೆ. ಎಲ್ಲರೂ ಒಟ್ಟಿಗೆ ಉತ್ತರ ಹೇಳಿದ್ದರಿಂದ ಯಾವುದೂ ತಲೆಗೆ ಹತ್ತಲಿಲ್ಲ. ಕಡೆಗೆ ಡೆರ್ಕ್ ಅವರೇ ಸಮಾಧಾನವಾಗಿ ಹೇಳಿದರು: "ಡಿಸ್ಕ್ ಅಂದ್ರೆ ಕೊಟ್ಟಿಗೆ, ಹರ್ಮೀನ್. ಎಷ್ಟು ಹಸು ಬೇಕಾದ್ರೂ ಕಟ್ಟು. ಮೆಮೊರಿ ಅಂದ್ರೆ ಹಾಲು ಕರೆಯೋ ಜಾಗ. ಅಲ್ಲಿ ನಾಲ್ಕೇ ನಿಲ್ಲೋದಾದ್ರೆ ಉಳಿದವು ಹೊರಗೆ ನಿಂತು ಕೂಗ್ತಾವೆ. ಈಗ ನನ್ನ ಯಂತ್ರದಲ್ಲಿ ಕೂಗ್ತಾ ಇರೋದು ಅದೇ."

ಅದು ನನಗೆ ಅರ್ಥವಾಯಿತು. ಅವರಿಗೆ ಮೊದಲೇ ಅರ್ಥವಾಗಿತ್ತು. ಆದರೆ ಯಾವುದನ್ನು, ಎಷ್ಟಕ್ಕೆ ಕೊಳ್ಳಬೇಕು ಎಂಬುದು ಆ ಗ್ಯಾರೇಜಿನಲ್ಲಿ ಮೇಣದ ವಾಸನೆಯ ನಡುವೆ ಯಾರಿಗೂ ಗೊತ್ತಾಗಲಿಲ್ಲ. ಹದಿನಾರೋ ಮೂವತ್ತೆರಡೋ, ನಾಲ್ಕನೆಯ ಪೀಳಿಗೆಯದೋ ಐದನೆಯದೋ, ಒಂದೋ ಎರಡೋ. ಆ ದಿನ ಡೆರ್ಕ್ ಮಾಡಿದ ಗುಲಾಬಿಗಳ ದಳಗಳೆಲ್ಲ ಹಿಂದುಮುಂದಾಗಿದ್ದವು. ಡಿನೆಕೆ ಸದ್ದಿಲ್ಲದೆ ಬಿಚ್ಚಿ ಮತ್ತೆ ಕಟ್ಟಿದರು.

ಅವರ ಯಂತ್ರ ನಾಲ್ಕನೆಯ ಪೀಳಿಗೆಯ ಮೆಮೊರಿಯನ್ನೇ ತೆಗೆದುಕೊಳ್ಳುವುದು ಎಂದು ಅವರೇ ಹುಡುಕಿ ತಿಳಿದುಕೊಂಡರು. ಎಂಟರ ಎರಡು ಪಟ್ಟಿ, ಒಟ್ಟು ಹದಿನಾರು ಎಂದು ಮನಸ್ಸು ಗಟ್ಟಿ ಮಾಡಿದರು. ಇಂಟರ್ನೆಟ್ಟಿನ ಅಂಗಡಿಯಲ್ಲಿ ನೂರಹತ್ತು ಯೂರೋ ಎಂದಿತ್ತು. ಹೋದ ವರ್ಷ ಅದೇ ಜೋಡಿ ನಲವತ್ತಕ್ಕೆ ಸಿಗುತ್ತಿತ್ತು ಎಂದು ಲಾಮರ್ಟ್ ಹೇಳಿದ್ದರು.

ಸಂತೆಯಲ್ಲಿ ಬೆಳೆದವರಿಗೆ ಒಂದು ಪಾಠ ರಕ್ತದಲ್ಲಿರುತ್ತದೆ: ಹೇಳಿದ ಬೆಲೆಗೆ ಕೊಳ್ಳುವವನು ಹುಚ್ಚ. ಒಮ್ಮೆ ನೋಡು, ತಲೆ ಅಲ್ಲಾಡಿಸು, ಬೆನ್ನು ತಿರುಗಿಸಿ ಸಾಲಿನ ಕೊನೆಯವರೆಗೆ ಹೋಗು. ಮಾರುವವನಿಗೆ ಮನೆಗೆ ಹಸು ವಾಪಸು ಹೊಡೆದುಕೊಂಡು ಹೋಗುವ ಆಸೆ ಇರುವುದಿಲ್ಲ, ಹಿಂದೆ ಬಂದೇ ಬರುತ್ತಾನೆ. ಡೆರ್ಕ್ ಹಾಗೇ ಮಾಡಿದರು. ನೂರಹತ್ತನ್ನು ನೋಡಿದರು, ತಲೆ ಅಲ್ಲಾಡಿಸಿದರು, ಕಂಪ್ಯೂಟರ್ ಆರಿಸಿ ಹೋಗಿ ಕೋಳಿಗೂಡಿನ ಬಾಗಿಲು ರಿಪೇರಿ ಮಾಡಿದರು.

ವಾರ ಬಿಟ್ಟು ನೋಡಿದರೆ ನೂರಿಪ್ಪತ್ತೆಂಟು.

"ಆಟ ಆಡ್ತಿದಾನೆ," ಎಂದರು ಡೆರ್ಕ್.

"ಯಾರು?" ಎಂದು ಬೆರ್ತಾ ಕೇಳಿದರು.

"ಮಾರೋನು."

"ಅಲ್ಲಿ ಮಾರೋನು ಎಲ್ಲಿದಾನೆ ಮಹರಾಯ? ನೀನು ಬೆನ್ನು ತಿರುಗಿಸಿದ್ದನ್ನ ನೋಡಿದವಳು ನಾನೊಬ್ಬಳೇ."

ಅವರು ಮತ್ತೆ ಬೆನ್ನು ತಿರುಗಿಸಿದರು. ಬೆಲೆ ಮತ್ತೆ ಏರಿತು. ಯಾಕೆ ಏರುತ್ತಿದೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ದೊಡ್ಡ ದೊಡ್ಡ ಕಂಪನಿಗಳು ಇರುವ ಮೆಮೊರಿಯನ್ನೆಲ್ಲ ಸೆಳೆದುಕೊಳ್ಳುತ್ತಿವೆ ಎಂದು ರೇಡಿಯೋದಲ್ಲಿ ಬಂತಂತೆ. ಕರುವಿನ ಬೆಲೆ ಏರಿದರೆ ಕಾರಣ ಕಣ್ಣಿಗೆ ಕಾಣುತ್ತದೆ: ಹುಲ್ಲು ಕಡಿಮೆ, ರೋಗ ಬಂದಿದೆ, ಗಡಿ ಮುಚ್ಚಿದೆ. ಇದರ ಹುಲ್ಲು ಎಲ್ಲಿ ಬೆಳೆಯುತ್ತದೆ ಎಂದು ಡೆರ್ಕ್ ಅವರಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಆ ಭಾನುವಾರ ಚರ್ಚಿನಲ್ಲಿ ಎವರ್ಡೀನ್ ನನ್ನ ಪಕ್ಕ ಕೂತು ದೊಡ್ಡಕ್ಷರದ ಹಾಡಿನ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು, ಓರೆಗಣ್ಣಿನಿಂದ ಒಂದೊಂದೇ ಪದ ಹೆಕ್ಕುತ್ತಿದ್ದರು. ಒಂದು ಕಂಪ್ಯೂಟರಿನ ಬಿಡಿಭಾಗಕ್ಕಾಗಿ ಪ್ರಾರ್ಥಿಸುವುದು ಸರಿಯೋ ತಪ್ಪೋ ಗೊತ್ತಿಲ್ಲ, ನಾನು ಪ್ರಾರ್ಥಿಸಿದೆ.

ಮಂಗಳವಾರ ಡೆರ್ಕ್ ಓಡಿಬಂದರು. ಬೊರ್ಕುಲೋ ಊರಿನಲ್ಲಿ ಯಾರೋ ಹಳೆಯ ಮೆಮೊರಿ ಮಾರುತ್ತಿದ್ದಾರೆ, ಹದಿನಾರರ ಎರಡು ಪಟ್ಟಿ, ಒಟ್ಟು ಮೂವತ್ತೆರಡು, ಅರವತ್ತು ಯೂರೋ. ಅವರ ಚಾಲನಾ ಪರವಾನಗಿ ವೈದ್ಯರ ತಪಾಸಣೆಗೆ ಕಾದು ಕೂತಿತ್ತು, ಬೆರ್ತಾ ಕಾರು ಓಡಿಸುವುದಿಲ್ಲ. ಹೀಗಾಗಿ ನಾನೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವರು ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡಿದ್ದರು. ಅದರಲ್ಲಿ ತಮ್ಮ ಯಂತ್ರದಿಂದ ಕಿತ್ತ ಹಳೆಯ ಪಟ್ಟಿಯೊಂದು ಕರವಸ್ತ್ರದಲ್ಲಿ ಸುತ್ತಿ ಇತ್ತು.

ಮಾರುತ್ತಿದ್ದವಳ ಹೆಸರು ನುರ್ತೆನ್. ಮೂವತ್ತೈದರ ಸುಮಾರಿನ ಹೆಂಗಸು, ಮುಚ್ಚಿಹೋದ ಕಚೇರಿಗಳ ಯಂತ್ರಗಳನ್ನು ಕೊಂಡು ಬಿಚ್ಚಿ ಮಾರುತ್ತಾಳೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಎಲ್ಲವನ್ನೂ ಅಚ್ಚುಕಟ್ಟಾಗಿ ಪೆಟ್ಟಿಗೆಗಳಲ್ಲಿ ಇಟ್ಟಿದ್ದಳು. ಒಂದು ಪೆಟ್ಟಿಗೆಯಿಂದ ಉದ್ದನೆಯ ಎರಡು ಹಸಿರು ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು.

"ಕಚೇರಿಯ ಹಿಂದಿನ ಕೋಣೆಯ ದೊಡ್ಡ ಯಂತ್ರದಿಂದ ತೆಗೆದದ್ದು. ಹಗಲು ರಾತ್ರಿ ಓಡಿದೆ, ಒಂದು ದಿನ ತೊಂದರೆ ಕೊಟ್ಟಿಲ್ಲ."

"ದೊಡ್ಡ ಯಂತ್ರದ್ದು," ಎಂದು ಡೆರ್ಕ್ ನನ್ನ ಕಡೆ ನೋಡಿದರು. ಒಳ್ಳೆಯ ತಳಿ ಎಂದು ಕೇಳಿಸಿಕೊಂಡವರ ಮುಖ.

ಜೇಬಿನಿಂದ ಹಳೆಯದನ್ನು ತೆಗೆದು ಪಕ್ಕದಲ್ಲಿಟ್ಟರು. ಉದ್ದ ಸರಿ. ಅಂಚಿನ ಚಿನ್ನದ ಬಣ್ಣದ ಹಲ್ಲುಗಳು ಸರಿ. ಹಲ್ಲುಗಳ ನಡುವಿನ ಕಚ್ಚು ಒಂದೇ ಜಾಗದಲ್ಲಿತ್ತು. ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಎತ್ತಿ, ಇಳಿಸಿ, ತುಂಬಾ ಹೊತ್ತು ನೋಡಿದರು. ಆಮೇಲೆ ದನದ ಸಂತೆಯಲ್ಲಿ ಚೌಕಾಸಿಗೆ ಇಳಿದವರ ಹಾಗೆ ಅಂಗೈ ಮುಂದೆ ಚಾಚಿದರು.

"ಮೂವತ್ತು."

ನುರ್ತೆನ್ ಅವರ ಕೈಯನ್ನು ನೋಡಿದಳು, ನನ್ನನ್ನು ನೋಡಿದಳು.

"ಬಡಿ," ಎಂದರು ಡೆರ್ಕ್. "ಒಪ್ಪದಿದ್ರೂ ಬಡಿ. ಬಡಿದು ನಿನ್ನ ಬೆಲೆ ಹೇಳು."

ಅವಳು ನಗುತ್ತ ಕೈ ಬಡಿದಳು. "ಅರವತ್ತು."

"ಅರವತ್ತಕ್ಕೆ ನನಗೆ ಇಡೀ ಕರುವೇ ಬರುತ್ತೆ. ಮೂವತ್ತೈದು." ಪಟ್ ಎಂದು ಬಡಿದರು.

"ಕರುವನ್ನೇ ತಗೊಳ್ಳಿ ಹಾಗಾದ್ರೆ. ಐವತ್ತೈದು." ಪಟ್.

ಅವಳು ಬೇಗ ಕಲಿತಳು. ಬೆನ್ನು ತಿರುಗಿಸಿ ಶೆಡ್ಡಿನ ಬಾಗಿಲಿನವರೆಗೂ ಹೋದವಳು ಅವಳೇ, ಡೆರ್ಕ್ ಅಲ್ಲ. ಶೆಡ್ಡಿನಲ್ಲಿ ಒಂದಷ್ಟು ಹೊತ್ತು ಚಪ್ಪಾಳೆಯ ಸದ್ದು. ಕಡೆಗೆ ನಲವತ್ತೈದಕ್ಕೆ ಇಬ್ಬರ ಕೈಗಳೂ ಬಿಗಿಯಾಗಿ ಹಿಡಿದು ನಿಂತವು. ಸಂತೆಯಲ್ಲಿ ಹಾಗೆ ಕೈ ಕೂಡಿದರೆ ವ್ಯಾಪಾರ ಮುಗಿಯಿತು, ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ವಾಪಸು ಬರುವಾಗ ಡೆರ್ಕ್ ಅವರು ಕಾರಿನಲ್ಲಿ ಸಣ್ಣಗೆ ಸಿಳ್ಳು ಹಾಕುತ್ತಿದ್ದರು.

ಸಂಜೆ ಬೆರ್ತಾ ಕರೆದರು. ಹೋದೆ. ಯಂತ್ರದ ಮೈ ಬಿಚ್ಚಿತ್ತು. ಎರಡು ಪಟ್ಟಿಗಳೂ ತಮ್ಮ ಜಾಗದಲ್ಲಿ, ಕ್ಲಿಪ್ಪು ಬಿಗಿದು, ಮಕ್ಕಳು ಬೆಂಚಿನ ಮೇಲೆ ಕೂತ ಹಾಗೆ ಸರಿಯಾಗಿ ಕೂತಿದ್ದವು. ಗುಂಡಿ ಒತ್ತಿದರೆ ಬೀಪ್, ಬೀಪ್, ಬೀಪ್. ಸ್ವಲ್ಪ ಸುಮ್ಮನೆ. ಮತ್ತೆ ಬೀಪ್. ಪರದೆ ಕಪ್ಪು. ಒಂದನ್ನು ತೆಗೆದರು, ಬೀಪ್. ಜಾಗ ಬದಲಾಯಿಸಿದರು, ಬೀಪ್. ಹಳೆಯದನ್ನು ಹಾಕಿದರೆ ಪರದೆ ಬೆಳಗಿತು, ವಧುವಿನ ಕಾರಿನ ಬಾಗಿಲು ಅರ್ಧ ತೆರೆದೇ ಇತ್ತು.

"ಬಾಯಿಗೆ ಸರಿಯಾಗಿ ಕೂರುತ್ತೆ," ಎಂದರು ಡೆರ್ಕ್. "ಮತ್ತೆ ಯಾಕೆ ತಿನ್ನಲ್ಲ?"

ಅದನ್ನು ಅವರು ಯಂತ್ರವನ್ನೇ ಕೇಳುತ್ತಿದ್ದರು. ಬೆರ್ತಾ ಕೂಡ ಆ ಹೊತ್ತು ತಮಾಷೆ ಮಾಡಲಿಲ್ಲ.

ಮರುದಿನ ಅವರನ್ನು ಝುಟ್ಫೆನ್ ಪಟ್ಟಣದ ಕಂಪ್ಯೂಟರ್ ಅಂಗಡಿಗೆ ಕರೆದುಕೊಂಡು ಹೋದೆ. ಕೌಂಟರಿನ ಹುಡುಗಿ ಪಟ್ಟಿಯ ಮೇಲಿನ ಚೀಟಿ ಓದಿದಳು.

"ಇದು ಸರ್ವರಿನದು, ಕಚೇರಿಗಳ ದೊಡ್ಡ ಯಂತ್ರದ್ದು. ನಿಮ್ಮ ಡೆಸ್ಕ್‌ಟಾಪ್ ಇದನ್ನ ಒಪ್ಪಲ್ಲ."

"ಹಲ್ಲು ಒಂದೇ ಥರ ಇದೆಯಲ್ಲಮ್ಮ."

"ಇರುತ್ತೆ. ಕೂರುತ್ತೆ ಕೂಡ. ಓಡಲ್ಲ, ಅಷ್ಟೇ. ಇದರ ನಡುವೆ ಒಂದು ಹೆಚ್ಚಿನ ಚಿಪ್ ಇದೆ, ನೋಡಿ." ಅವಳು ಬೆರಳಿಟ್ಟು ತೋರಿಸಿದಳು. ನಾವಿಬ್ಬರೂ ಬಗ್ಗಿ ನೋಡಿದೆವು. ಒಂದು ಕರಿಯ ಚೌಕ, ಉಳಿದ ಕರಿಯ ಚೌಕಗಳ ನಡುವೆ. ಒಂದು ಹೆಚ್ಚಾಗಿದ್ದಕ್ಕೆ ಯಂತ್ರಕ್ಕೆ ಯಾಕೆ ಸಿಟ್ಟು ಎಂದು ಅವಳು ಇನ್ನೂ ಏನೇನೋ ಹೇಳಿದಳು. ಡೆರ್ಕ್ ತಲೆದೂಗಿದರು. ಹೊರಗೆ ಬಂದ ಮೇಲೆ "ನಿನಗೆ ತಿಳೀತಾ?" ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ.

ಆದರೆ ಹೊರಗೆ ಬರುವ ಮುಂಚೆ ಇನ್ನೊಂದು ನಡೆಯಿತು. "ಡೆಸ್ಕ್‌ಟಾಪಿನ ಜೋಡಿ ಎಷ್ಟು?" ಎಂದು ಅವರು ಕೇಳಿದರು.

"ನೂರ ನಲವತ್ತೊಂಬತ್ತು. ಇವತ್ತಿನ ಬೆಲೆ. ನಾಳೆಯದು ಹೇಳಕ್ಕಾಗಲ್ಲ."

ಡೆರ್ಕ್ ಕೌಂಟರಿನ ಮೇಲೆ ಅಂಗೈ ಚಾಚಿದರು. ಅದು ಅವರಿಗೆ ಗೊತ್ತಿಲ್ಲದೆಯೇ ಹೋಯಿತು ಎಂದು ಕಾಣುತ್ತದೆ. ಹುಡುಗಿ ಆ ಕೈಯನ್ನು ಒಂದು ಕ್ಷಣ ನೋಡಿ, ಮೃದುವಾಗಿ, "ಕಾರ್ಡನ್ನ ಇಲ್ಲಿ ಮುಟ್ಟಿಸಿದ್ರೆ ಸಾಕು ಸಾರ್," ಎಂದು ಪಕ್ಕದ ಸಣ್ಣ ಯಂತ್ರ ತೋರಿಸಿದಳು. ಕೈ ಅಲ್ಲೇ ಇತ್ತು. ನಾನು ಗೋಡೆಯ ಮೇಲಿನ ಕೀಬೋರ್ಡುಗಳನ್ನು ನೋಡತೊಡಗಿದೆ. ಆಮೇಲೆ ಟಿಕ್ ಎಂಬ ಸದ್ದು ಕೇಳಿಸಿತು. ಡೆರ್ಕ್ ವೋಲ್ಟೆರಿಂಕ್ ಹೇಳಿದ ಬೆಲೆಗೆ ಒಂದು ವಸ್ತು ಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಾರಿನಲ್ಲಿ ಸಿಳ್ಳಿರಲಿಲ್ಲ. ಹಳ್ಳಿ ಹತ್ತಿರವಾದಾಗ, "ಬೆರ್ತಾಗೆ ನೂರ ಇಪ್ಪತ್ತು ಅಂತ ಹೇಳೋಣ," ಎಂದರು. ನನ್ನ ಮುಖ ನೋಡಿ, "ನೀನು ಸುಳ್ಳು ಹೇಳಲ್ಲ, ಗೊತ್ತು. ಬಿಡು," ಎಂದರು. ಬೆರ್ತಾಗೆ ನಿಜವನ್ನೇ ಹೇಳಿದರು. ಬೆರ್ತಾ ಒಂದು ವಾರ ಹೇಳಿದ್ದನ್ನು ಇಲ್ಲಿ ಬರೆಯುವುದು ಬೇಡ.

ವಧು ಕಾರಿನಿಂದ ಇಳಿದಳು.

ಹಬ್ಬದ ಸಂಜೆ ಎವರ್ಡೀನ್ ಅವರ ಕುರ್ಚಿಯನ್ನು ಡೆರ್ಕ್ ತಾವೇ ಎತ್ತಿ ಪರದೆಯ ಹತ್ತಿರ, ಸ್ವಲ್ಪ ಓರೆಯಾಗಿ ಇಟ್ಟರು. ಫೋಟೋಗಳಿಗೆ ಎಲ್ಲರೂ ನಕ್ಕರು, ಹೆಸರು ಕೂಗಿದರು. ಆಮೇಲೆ ಎಚ್ಚರಿಕೆಯಿಲ್ಲದೆ ಸುರುಳಿ ಶುರುವಾಯಿತು. ಚಿತ್ರಕ್ಕೆ ಸದ್ದಿರಲಿಲ್ಲ. ಕಾರಿನ ಬಾಗಿಲು ಪೂರ್ತಿ ತೆರೆಯಿತು. ಅಂದಿನ ಹಸಿರು ಕಮಾನು, ಅದರ ಕೆಳಗೆ ಈಗಿಲ್ಲದ ಎಷ್ಟೋ ಮಂದಿ, ತೆಳ್ಳಗಿನ ಡೆರ್ಕ್ ಒಂದು ಏಣಿ ಹಿಡಿದು ನಿಂತಿದ್ದ. ಎವರ್ಡೀನ್ ಕತ್ತು ತಿರುಗಿಸಿ, ಓರೆಗಣ್ಣಿನಿಂದ, ಕೊಕ್ಕರೆಯ ಹಾಗೆ ಮುಂದೆ ಬಾಗಿ ನೋಡುತ್ತಿದ್ದರು. ವೆಸ್ಸೆಲ್ ಅವರ ಕೈ ಹೆಂಡತಿಯ ಕುರ್ಚಿಯ ಬೆನ್ನ ಮೇಲಿತ್ತು.

"ನನ್ನ ಮುಸುಕು ಸೊಟ್ಟಗಿದೆ," ಎಂದರು ಎವರ್ಡೀನ್ ಇದ್ದಕ್ಕಿದ್ದ ಹಾಗೆ. "ಪೂರ್ತಿ ಒಂದು ಕಡೆಗೆ ಜಾರಿದೆ. ಐವತ್ತು ವರ್ಷ ಆಯ್ತು, ಒಬ್ಬರಾದ್ರೂ ಹೇಳಬಾರದಾ?"

"ನಾನು ಮುಖ ನೋಡ್ತಿದ್ದೆ," ಎಂದರು ವೆಸ್ಸೆಲ್.

"ಸುಳ್ಳು. ನೀನು ಊಟದ ಕಡೆ ನೋಡ್ತಿದ್ದೆ. ಡೆರ್ಕ್, ಇನ್ನೊಂದು ಸಲ ಹಾಕು."

ಅವರು ಹಾಕಿದರು. ಯಂತ್ರ ನಿಲ್ಲಲಿಲ್ಲ. ಆ ಸಂಜೆ ಎಷ್ಟು ಸಲ ಹಾಕಿದರೋ ಯಾರೂ ಲೆಕ್ಕ ಇಡಲಿಲ್ಲ.

ಹಬ್ಬ ಮುಗಿದು ಕೆಲವು ದಿನಗಳಾದ ಮೇಲೆ ನಾವು ಕಮಾನು ಬಿಚ್ಚಿದೆವು. ಒಣಗಿದ ಕೊಂಬೆಗಳನ್ನು ಲಾಮರ್ಟ್ ಗಾಡಿಯಲ್ಲಿ ಒಯ್ದರು. ಗುಲಾಬಿಗಳು ಡೆರ್ಕ್ ಅವರ ಅಂಗಳಕ್ಕೆ ಬಂದವು. ಅವರು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ತಂತಿ ಬಿಡಿಸುತ್ತಿದ್ದರು, ನಾನು ಕೆಡದವನ್ನು ಬೇರೆ ಮಾಡುತ್ತಿದ್ದೆ. ಆಗ ನುರ್ತೆನ್ ಸೈಕಲ್ಲಿನಲ್ಲಿ ಬಂದಿಳಿದಳು. ಬೆರ್ತಾ ಗಂಡನಿಗೆ ಹೇಳದೆ ಅವಳಿಗೆ ಫೋನ್ ಮಾಡಿದ್ದರು. ಅದನ್ನು ಬೆರ್ತಾ ಅವರ ಮುಖವೇ ಹೇಳುತ್ತಿತ್ತು.

"ನೀವು ಸರ್ವರಿನದನ್ನ ಡೆಸ್ಕ್‌ಟಾಪಿಗೆ ಅಂತ ಕೊಂಡ್ರಂತೆ," ಎಂದಳು ಅವಳು. "ನಾನು ಕೇಳಬೇಕಿತ್ತು, ಯಾವುದಕ್ಕೆ ಅಂತ."

"ನೀನು ಹೇಳಿದ್ಯಲ್ಲಮ್ಮ. ದೊಡ್ಡ ಯಂತ್ರದ್ದು ಅಂದೆ. ದೊಡ್ಡದು ಅಂದ್ರೆ ಒಳ್ಳೇದು ಅಂತ ನಾನು ಕೇಳಿಸಿಕೊಂಡೆ. ಹಲ್ಲು ನೋಡಿದೆ, ಹೊಟ್ಟೆ ಕೇಳಲಿಲ್ಲ."

"ಆದ್ರೂ ನಿಮಗೆ ಕೆಲಸಕ್ಕೆ ಬರಲಿಲ್ಲ. ಕೊಡಿ, ವಾಪಸ್ ತಗೋತೀನಿ." ಅವಳು ಜಾಕೆಟ್ಟಿನಿಂದ ಲಕೋಟೆ ತೆಗೆದಳು. "ಬೆಲೆ ಏರಿದೆ, ನನಗೆ ಕೊಳ್ಳೋರೂ ಇದ್ದಾರೆ. ನಷ್ಟ ಏನಿಲ್ಲ. ನಿಮ್ಮ ಪೂರ್ತಿ ದುಡ್ಡು ಇದೆ."

"ತಗೋ ಅಂತಿದಾಳಲ್ಲ," ಎಂದರು ಬೆರ್ತಾ ಬಾಗಿಲಿನಿಂದ. "ಸೈಕಲ್ ತುಳಿದುಕೊಂಡು ಬಂದಿದಾಳೆ. ತಗೋ."

ಡೆರ್ಕ್ ಕೈಯ ಮೇಣವನ್ನು ಪ್ಯಾಂಟಿಗೆ ಒರೆಸಿಕೊಂಡರು. ಲಕೋಟೆಯನ್ನು ನೋಡಿದರು, ಮುಟ್ಟಲಿಲ್ಲ. ಬೆಂಚಿನ ಮೇಲಿನ ಗುಲಾಬಿಗಳನ್ನು ಸರಿಸಿ ಅವಳಿಗೆ ಜಾಗ ಮಾಡಿದರು.

"ಬೆರ್ತಾ, ಕಾಫಿ ತಾ," ಎಂದರು. ಆಮೇಲೆ ನುರ್ತೆನ್ ಕಡೆ ತಿರುಗಿ, "ಕೂತ್ಕೋ. ಅದನ್ನ ಒಳಗಿಟ್ಕೋ. ನಾವು ಕೈ ಬಡಿದಾಗಿದೆ, ಮಗಳೇ," ಎಂದರು.